ಹಗ್ಗ ಸುತ್ತುವ ಮೊದಲು

ಗುರಿ ಗೆರೆಯ ಹಗ್ಗ ಸುತ್ತಲು ಬಂದವರಿಗೆ ಕೋಚ್ ಮಾರ್ಲಿಸ್ ಅಡ್ಡ ನಿಂತಳು. ಹೆಬ್ಬೆರಳು ಮಡಚಿ ನಾಲ್ಕು ಬೆರಳು ತೋರಿಸಿದಳು. "ನಾಲ್ಕು ಜನ ಬಂದ್ರು. ನಮ್ಮೋಳು ಇನ್ನೊಬ್ಳು ಬರ್ಬೇಕು ಕಣ್ರೀ!"

ಈ ಗುಡ್ಡಗಾಡು ಓಟದಲ್ಲಿ ಐವರು ಗುರಿ ಮುಟ್ಟಿದರೆ ಮಾತ್ರ ತಂಡ ಲೆಕ್ಕಕ್ಕೆ. ಅವಳ ಕಾಲೇಜಿನಿಂದ ಓಡಿದವರೇ ಐವರು. ಈ ವರ್ಷವೂ ತಂಡ ತುಂಬದಿದ್ದರೆ, ಅಮೆರಿಕದ ಅಯೋವಾ ರಾಜ್ಯದ ಎಂಟು ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟದಿಂದ ಅವರು ಹೊರಗೆ.

ಎದುರಾಳಿ ಕೋಚ್ ಡ್ವೇನ್ ಬಂದು ಹಗ್ಗದ ಮೇಲೆ ಬೂಟುಗಾಲಿಟ್ಟ. "ಸ್ವಲ್ಪ ತಡೀರಪ್ಪ. ಇವ್ರೂ ಹೋದ್ರೆ ನಾವು ಯಾರನ್ನ ಸೋಲಿಸೋದು?"

ಜೋಳದ ಹೊಲದ ತಿರುವಿನಲ್ಲಿ ಟೆಸ್ಸಾ ಕಂಡಳು. ಒಂದು ಕಾಲಿನಲ್ಲಿ ಶೂ, ಇನ್ನೊಂದರಲ್ಲಿ ಬರೀ ಕೆಸರು. ಕುಂಟುತ್ತಲೇ ಗೆರೆ ದಾಟಿ ಅತ್ತುಬಿಟ್ಟಳು. "ಎಲ್ರಿಗಿಂತ ಕೊನೇಗೆ ಬಂದೆ, ಕೋಚ್."

ಮಾರ್ಲಿಸ್ ಹೆಬ್ಬೆರಳು ಬಿಚ್ಚಿ, ಐದೂ ಬೆರಳಿನಿಂದ ಅವಳ ಬೆವೆತ ಬೆನ್ನು ತಟ್ಟಿದಳು.

"ಈಗ ಸುತ್ಕೊಳ್ರಪ್ಪ," ಎಂದು ಡ್ವೇನ್ ಕಾಲೆತ್ತಿದ.