ಒಂದೊಂದು ಹಿಡಿ

ಮಲಪ್ರಭೆಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ರಂಗವ್ವನಿಗೆ ಆ ಪೇಟೆಯ ಗಂಡಸಿನ ಮೇಲೆ ಅನುಮಾನ ಹುಟ್ಟಿದ್ದು, ಅವನು ಉಸುಕಿನಲ್ಲಿ ಕುಣಿ ತೋಡಲು ಕೂತಾಗ. ಪಟ್ಟದಕಲ್ಲಿಗೆ ಬಂದವರು ಗುಡಿ ನೋಡುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಕೈ ತೊಳೆದು ಕಾರು ಹತ್ತುತ್ತಾರೆ. ಹೊಳೆಗಿಳಿದು ನೆಲ ತೋಡುವ ಉಸಾಬರಿ ಯಾರಿಗೆ ಬೇಕು? ಅದೂ ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಹಿತ್ತಾಳೆ ಬೋಗುಣಿಯಿಂದ!

ಜಾಲಿಗಿಡದ ನೆರಳಲ್ಲಿ ಅಡ್ಡಾಗಿದ್ದ ತಮ್ಮ ಅಮಸಿದ್ದಪ್ಪನನ್ನು ಅವಳು ಕೋಲಿನಿಂದ ತಿವಿದಳು. “ಏಳಲೇ, ಅಲ್ನೋಡು.”

“ಏನ್ ನೋಡ್ಲಿ ಯಕ್ಕಾ? ಮಕ್ಕಳನ್ನ ಕರಕೊಂಡು ಆಡಾಕ ಬಂದಾರ.”

“ಮೀಸಿ ಬಂದ ಗಂಡಸು ಉಸುಕಿನ್ಯಾಗ ಆಡ್ತಾನೇನ್ಲೇ? ನಿನ್ನ ಬುದ್ಧಿ ಕುರಿ ಮೇದಾವು.”

ರಂಗವ್ವನ ಅನುಮಾನ ಗಾಳಿಗೆ ಹುಟ್ಟಿದ್ದಲ್ಲ. ಹೋದ ವರ್ಷ ಅವಳ ಊರ ಹೊರಗಿನ ಹಾಳುಗುಡಿಯಲ್ಲಿ ಯಾರೋ ಪಾಪಿಗಳು ನಿಧಿಯ ಆಸೆಗೆ ಬಸವಣ್ಣನನ್ನೇ ಮಗುಚಿ, ಆಳುದ್ದ ತೋಡಿ ಹೋಗಿದ್ದರು. ಕುಣಿಯ ಪಕ್ಕದಲ್ಲಿ ಕೊಯ್ದ ಲಿಂಬೆಹಣ್ಣು, ಅರಿಷಿಣ ಕಲಸಿದ ಅನ್ನ ಬಿದ್ದಿದ್ದವು. ನಿಧಿ ಸುಮ್ಮನೆ ಸಿಗುವುದಿಲ್ಲ, ಚೊಚ್ಚಲು ಕೂಸು ಬೇಡುತ್ತದೆ ಎಂದು ಊರೆಲ್ಲ ಗುಸುಗುಸು. ಆವತ್ತಿನಿಂದ ಹೆತ್ತವರು ಹೊತ್ತು ಮುಳುಗುವ ಮೊದಲೇ ಮಕ್ಕಳನ್ನು ಒಳಗೆ ಕರೆದು ಕದ ಹಾಕುತ್ತಿದ್ದರು. ಈಗ ಇಲ್ಲಿ ನೋಡಿದರೆ, ಆ ಗಂಡಸಿನ ಹೆಂಡತಿ ಪತ್ರಾವಳಿಯ ಮೇಲೆ ಹಳದಿ ಅನ್ನ ಬಡಿಸಿಟ್ಟು ಲಿಂಬೆಹಣ್ಣು ಕೊಯ್ಯುತ್ತ ಕೂತಿದ್ದಳು.

“ಚಿತ್ರಾನ್ನ ಅದು. ಲಿಂಬಿಹಣ್ಣು ಪಾನಕಕ್ಕ,” ಎಂದ ಅಮಸಿದ್ದಪ್ಪ ಆಕಳಿಸುತ್ತ.

“ಚಿತ್ರಾನ್ನಕ್ಕ ಕುಣಿ ಯಾಕ ಬೇಕಲೇ?”

ಅಷ್ಟರಲ್ಲಿ ಗಂಡಸು ಕೆಂಪು ಲಂಗದ ಹುಡುಗಿಯನ್ನು ಎತ್ತಿ ಕುಣಿಯಲ್ಲಿ ಮಲಗಿಸಿದ. ಉಸುಕು ಎಳೆಯತೊಡಗಿದ. ಕಾಲು ಮುಚ್ಚಿತು, ಹೊಟ್ಟೆ ಮುಚ್ಚಿತು, ಎದೆ ಮುಚ್ಚಿತು. ಕೂಸು ಚೀರಲಿಲ್ಲ, ಕಣ್ಣು ಮುಚ್ಚಿ ಮಲಗಿತ್ತು. ಏನು ಕುಡಿಸಿದ್ದಾರೋ, ಯಾರಿಗೆ ಗೊತ್ತು!

“ಎಲ್ಲಾರೂ ಒಂದೊಂದು ಹಿಡಿ ಹಾಕ್ರಿ!” ಎಂದು ಗಂಡಸು ಕೂಗಿದ.

ಆ ಹುಡುಗಿಗಿಂತ ಸಣ್ಣ ಹುಡುಗನೊಬ್ಬ ಒಂದು ಹಿಡಿ ಹಾಕಿದ. ಹೆಂಡತಿ ಬಂದು ಬಗ್ಗಿ ತಾನೂ ಒಂದು ಹಿಡಿ ಹಾಕಿದಳು, ಅದೂ ನಗುತ್ತ. ಹೆತ್ತ ತಾಯಿ!

“ಬೀರಪ್ಪಾ, ನೀನ ಕಾಯಪ್ಪಾ!” ಎಂದವಳೇ ರಂಗವ್ವ ಕುರಿಗಳನ್ನು ಅಲ್ಲೇ ಬಿಟ್ಟು, ಸೀರೆ ಮೇಲೆ ಕಟ್ಟಿ ಓಡಿದಳು. ಹೋದವಳೇ ಕೋಲಿನಿಂದ ಗಂಡಸಿನ ಬೆನ್ನಿಗೆ ಒಂದು ಬಿಗಿದಳು. ಆಮೇಲೆ ಕೋಲು ಬಿಸಾಕಿ, ಎರಡೂ ಕೈಯಿಂದ ಉಸುಕು ಕೆದರಿ, ಹುಡುಗಿಯನ್ನು ಹೊರಗೆಳೆದು ಎದೆಗವಚಿಕೊಂಡಳು.

ಹುಡುಗಿ ಹೋ ಎಂದು ಅತ್ತಿತು. “ಅಪ್ಪಾ, ನನ್ನ ಆಟ ಕೆಡಿಸಿದ್ಲು!”

“ಏನವಾ ನೀ, ತಲಿಗಿಲಿ ಕೆಟ್ಟದೇನು?” ಎಂದು ಗಂಡಸು ಬೆನ್ನು ತಿಕ್ಕಿಕೊಂಡ. ಅವನ ಹೆಸರು ಪಂಢರೀನಾಥ, ಬಾಗಲಕೋಟೆಯ ಸಾಲಿ ಮಾಸ್ತರ. “ಈ ಸೂಟಿಯೊಳಗ ಕಾರವಾರದ ಸಮುದ್ರ ತೋರಸ್ತೇನಿ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೆ. ಆಗಲಿಲ್ಲ. ಮುಂಜಾನಿಂದ ಗುಡಿ ತೋರಿಸಿದ್ರ, ಬರೀ ಕಲ್ಲು ಅಂತ ಅಳ್ಳಿಕ್ಕೆ ಹತ್ತಿದ್ರು. ಸಮುದ್ರದ ದಂಡಿಗೆ ಮಕ್ಕಳನ್ನ ಹಿಂಗ ಉಸುಕಿನ್ಯಾಗ ಹುಗದು ಆಡಸ್ತಾರ.”

“ಖರೇನ?”

“ಖರೇನ ಅಂತೇನಿ.”

ರಂಗವ್ವ ನಂಬಲಿಲ್ಲ. ಹುಡುಗಿಯ ರಟ್ಟೆ ಬಿಡದೆ ಪತ್ರಾವಳಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅನ್ನದಲ್ಲಿ ಸಾಸಿವೆ ಇತ್ತು, ಕರಿಬೇವಿತ್ತು, ಹುರಿದ ಶೇಂಗಾ ಇತ್ತು. ನಿಧಿ ತೆಗೆಯುವವರು ಶೇಂಗಾ ಹಾಕಿ ಒಗ್ಗರಣೆ ಕೊಡುತ್ತಾರೆಯೇ? ಅವಳ ಕೈ ಸಡಿಲಾಯಿತು.

“ನಮ್ಮ ಕೂಸಿನ್ನ ನಾವ ಕೊಲ್ತೇವೇನು?” ಎಂದು ಮಾಸ್ತರರ ಹೆಂಡತಿ ತುಳಸೀಬಾಯಿ ಸಿಡುಕಿದಳು. “ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತೇನು?”

“ತಪ್ಪಾತ್ರಿ ಯವ್ವಾ,” ಎಂದಳು ರಂಗವ್ವ. ಓಡಿದ ದಣಿವಿಗೆ ಅವಳಿನ್ನೂ ಏದುಸಿರು ಬಿಡುತ್ತಿದ್ದಳು. “ನಿಮ್ಮಲ್ಲಿ ಸತ್ರ ಸುಡ್ತಾರ, ಅದಕ್ಕ ನಿಮಗ ಇದು ಆಟ. ನಮ್ಮಲ್ಲಿ ಹುಗೀತಾರ್ರಿ. ಕುಣಿಯಾಗಿಟ್ಟ ಮ್ಯಾಲೆ ಬಂದವರೆಲ್ಲಾ ಒಂದೊಂದು ಹಿಡಿ ಹಾಕ್ತಾರ. ನನ್ನ ಗಂಡಗ ಮೊದಲಿನ ಹಿಡಿ ನಾನ ಹಾಕೀನಿ. ಹಂಗ ಹಾಕಿಸಿಕೊಂಡವರು ಯಾರೂ ನಕ್ಕೋಂತ ಎದ್ದಿದ್ದು ನಾ ಕಂಡಿಲ್ಲ.”

ಮಾಸ್ತರರಿಗೆ ಕಸಿವಿಸಿಯಾಗಿರಬೇಕು, ಸುಮ್ಮಸುಮ್ಮನೆ ನಕ್ಕರು.

“ಹಂಗಾರ ನಾ ಎದ್ದು ತೋರಸ್ತೇನಿ ತಡಿ,” ಎಂದವರೇ ಕುಣಿಯಲ್ಲಿ ಉದ್ದಕ್ಕೆ ಮಲಗಿ, ಕೈ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದರು.

“ಅಪ್ಪನ ಪಾಳಿ! ಅಪ್ಪನ ಪಾಳಿ!” ಮಕ್ಕಳು ಕುಣಿದಾಡಿದರು. ಹುಡುಗಿ ಅಳು ಮರೆತು ಬೋಗುಣಿಯ ತುಂಬ ಉಸುಕು ಮೊಗೆದು ತಾಯಿಯ ಮುಂದೆ ಹಿಡಿಯಿತು. “ಅಮ್ಮಾ, ಮೊದಲ ನೀ ಹಾಕು.”

ತುಳಸೀಬಾಯಿ ಬೋಗುಣಿಯನ್ನು ನೋಡಿದಳು, ರಂಗವ್ವನ ಬರಿಯ ಹಣೆಯನ್ನು ನೋಡಿದಳು. ಮರುಕ್ಷಣ ಬೋಗುಣಿ ಕಿತ್ತುಕೊಂಡು ಉಸುಕು ಸಮೇತ ಹೊಳೆಗೆ ಎಸೆದಳು.

“ಮೊದಲ ಎದ್ದು ಬರ್ರಿ ಮ್ಯಾಲೆ!”