ಕೆದಿಲಾಯರ ಮೂಗು

ಮದುವೆ ಅಡುಗೆಯ ಕೆದಿಲಾಯರು ಬೇರೆ ಅಡುಗೆಭಟ್ಟರಿಗೆ ಕವಡೆ ಕಿಮ್ಮತ್ತೂ ಕೊಡುತ್ತಿರಲಿಲ್ಲ. ಹಬೆ ಮೂಸಿಯೇ ಸಾರಿನ ಹದ ಹೇಳುವ ಮೂಗು ತಮ್ಮದೆಂಬ ಗರ್ವ. ಕೈ ನಡುಗಿ ಸೌಟು ಜಾರತೊಡಗಿದಾಗ ಹೆಂಡತಿ ಅವರನ್ನು ನರರೋಗದ ಡಾಕ್ಟರ ಬಳಿ ಎಳೆದುತಂದರು.

ಡಾಕ್ಟರು ಪುಟ್ಟ ಸೀಸೆಯೊಂದರ ಮುಚ್ಚಳ ತೆಗೆದು ಅವರ ಮೂಗಿನ ಬಳಿ ಹಿಡಿದರು.

"ನಡುಗುವುದು ಕೈ ಡಾಕ್ಟ್ರಮ್ಮ, ಮೂಗಲ್ಲ!"

"ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಕೈ ನಡುಗುವ ಮೊದಲೇ ವಾಸನೆ ಹೋಗಿರ್ತದೆ. ಇದೆಂತದ್ದು, ಹೇಳಿ."

ಕೆದಿಲಾಯರು ಜೋರಾಗಿ ಮೂಸಿ, ನಕ್ಕುಬಿಟ್ಟರು. "ಖಾಲಿ ಸೀಸೆ ಹಿಡಿದು ನನ್ನನ್ನು ಪರೀಕ್ಷೆ ಮಾಡ್ತೀರಾ? ನಲವತ್ತು ವರ್ಷ ಊರಿಗೆಲ್ಲ ಬಡಿಸಿದವ ನಾನು!"

ಈ ಮೋಸ ನೋಡಿದೆಯಾ ಎಂಬಂತೆ ಹೆಂಡತಿಯತ್ತ ತಿರುಗಿದರು.

ಆಕೆ ಸೆರಗಿನಿಂದ ಮೂಗು ಒತ್ತಿಹಿಡಿದು ಹೇಳಿದರು: "ಮುಚ್ಚಿಬಿಡಿ ಡಾಕ್ಟ್ರೇ, ಇಂಗಿನ ಘಾಟು ತಲೆಗೇರ್ತಾ ಉಂಟು."