ಹ್ಯೂಸ್ಟನ್ ಗೊತ್ತಿದ್ದವಳು

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಬೆಟ್ಟಿ ಕುವೈತಿನ ಅಬ್ಬಾಸಿಯಾದಲ್ಲಿ ಡೆಲ್ಮಾಳ ಫ್ಲ್ಯಾಟಿನ ಬೆಲ್ ಒತ್ತಿದಳು. ಅಮೆರಿಕದ ವಿಷಯ ಕೇಳಲಿಕ್ಕುಂಟು, ಊಟಕ್ಕೇ ಬನ್ನಿ ಎಂದು ಡೆಲ್ಮಾ ಕರೆದಿದ್ದಳು. ಬೆಟ್ಟಿಗೂ ಡೆಲ್ಮಾಳಿಂದ ಒಂದು ಉಪಕಾರ ಆಗಬೇಕಿತ್ತು. ತಾನು ಕೆಲಸಕ್ಕಿದ್ದ ರುಮೈಥಿಯಾದ ಮೇಡಂ ಮನೆಯಿಂದ ಬರುವಾಗ ಕಾರಿನಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಜೋಡಿಸಿ, ಕೆಡವಿ, ಮತ್ತೆ ಜೋಡಿಸಿದ್ದಳು.

ಡೆಲ್ಮಾ ಅವಳ ಚಿಕ್ಕಮ್ಮನ ಮೊಮ್ಮಗಳು, ಬೆಟ್ಟಿಯನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವಳು; ಫರ್ವಾನಿಯಾದ ಕ್ಲಿನಿಕ್ಕೊಂದರಲ್ಲಿ ನರ್ಸ್. ಅಮೆರಿಕಕ್ಕೆ ಕಳಿಸುವ ಏಜೆನ್ಸಿ ಎರಡು ಆಸ್ಪತ್ರೆ ತೋರಿಸಿತ್ತು; ಒಂದು ಹ್ಯೂಸ್ಟನ್‌ನಲ್ಲಿ, ಇನ್ನೊಂದು ಕ್ಲೀವ್‌ಲ್ಯಾಂಡ್‌ನಲ್ಲಿ. ಸೋಮವಾರದೊಳಗೆ ಒಂದನ್ನು ಆರಿಸಬೇಕು. ಸೇರಿದ ಮೇಲೆ ಮೂರು ವರ್ಷ ಬಿಡುವಂತಿಲ್ಲ. ಬೆಟ್ಟಿ ಹ್ಯೂಸ್ಟನ್‌ನಲ್ಲಿ ಮೇಡಂನ ಜೊತೆ ಏಳು ತಿಂಗಳು ಇದ್ದು ಬಂದವಳು. ಚರ್ಚಿನಲ್ಲಿ ಅವಳಿಗೆ ಅಮೆರಿಕಾ ಬೆಟ್ಟಿ ಎಂದೇ ಹೆಸರು. ಆ ಹೆಸರು ಬೇಡವೆಂದು ಅವಳು ಯಾವತ್ತೂ ಹೇಳಿರಲಿಲ್ಲ.

"ಮಾವ್ಶಿ, ಇಲ್ಲಿ ಸಿಗದ ಹಂದಿ ಮಾಂಸ ಅಲ್ಲಿ ಸಿಗ್ತದಲ್ಲ?" ಡೆಲ್ಮಾಳ ಗಂಡ ಆಲ್ರೊಯ್ ಕೋಳಿ ಸಾರು ಬಡಿಸುತ್ತ ಕೇಳಿದ. "ಹೌದು ಅಂದ್ರೆ ನಾನು ನಾಳೆಯೇ ರೆಡಿ."

"ಇವರಿಗೆ ಅದೊಂದೇ ಚಿಂತೆ," ಡೆಲ್ಮಾ ಅಂದಳು. "ಮಾವ್ಶಿ, ಮನೆ ಬಾಡಿಗೆ ಎಷ್ಟಾಗ್ತದೆ ಅಲ್ಲಿ?"

"ಬಾಡಿಗೆ ಮೇಡಂನವರು ಕೊಡ್ತಿದ್ದದ್ದು. ನಾವು ಹೋಟೆಲಿನಲ್ಲಿ ಇದ್ದದ್ದಲ್ವಾ."

"ಬಸ್ಸು ಗಿಸ್ಸು ಉಂಟಾ? ಕಾರಿಲ್ಲದಿದ್ರೆ ಅಲ್ಲಿ ಕಾಲೇ ಇಲ್ಲದ ಹಾಗೆ ಅಂತಾರೆ."

"ಹೋಟೆಲಿನಿಂದ ಆಸ್ಪತ್ರೆಗೆ ಗಾಜಿನ ಸೇತುವೆ ಇತ್ತು. ಅದರಲ್ಲೇ ಹೋಗುವುದು, ಬರುವುದು. ಒಳಗೆ ತುಂಬ ಚಳಿ. ಸ್ವೆಟರ್ ಬೇಕೇ ಬೇಕು."

"ಹ್ಯೂಸ್ಟನ್‌ನಲ್ಲಿ ಚಳಿಯಾ?" ಆಲ್ರೊಯ್ ನಕ್ಕ. "ಅದು ಕುವೈತಿನ ಅಣ್ಣ ಅಂತ ನಾನು ಕೇಳಿದ್ದು."

"ಒಳಗೆ, ಒಳಗೆ. ಎಸಿ."

"ಹೊರಗೆ?"

ಬೆಟ್ಟಿ ಇಡ್ಲಿಯಂಥ ಸಾನ್ನಾದ ತುಂಡನ್ನು ಸಾರಿನಲ್ಲಿ ಅದ್ದಿದಳು. "ಹೊರಗೆ ಬಿಸಿಲು ಕಾಣ್ತಿತ್ತು," ಅಂದಳು.

ಆ ಆಸ್ಪತ್ರೆಯ ಆರನೆಯ ಮಹಡಿಯ ಮೊಗಸಾಲೆಯಲ್ಲಿ ಒಂದು ಗೋಡೆ ಇದೆ. ಕಾಯಿಲೆಯ ಮಕ್ಕಳು ಬಣ್ಣದ ಅಂಗೈ ಒತ್ತಿದ ಟೈಲ್ ಬಿಲ್ಲೆಗಳನ್ನು ಅದಕ್ಕೆ ಅಂಟಿಸಿದ್ದಾರೆ. ಕಿಟಕಿಯ ಪಕ್ಕದ ಹಸಿರು ಅಂಗೈ ಫೈಸಲ್‌ನದು. ಮೇಡಂನ ಆ ಮಗನನ್ನು ಅವನು ಹುಟ್ಟಿದ ವಾರದಿಂದ ಬೆಟ್ಟಿ ಎತ್ತಿ ಆಡಿಸಿದ್ದಳು. ಅವನ ಒಂದು ಕೈಗೆ ಡ್ರಿಪ್ ಇತ್ತು, ಇನ್ನೊಂದರಲ್ಲಿ ಶಕ್ತಿ ಇರಲಿಲ್ಲ. ಹಿಂದೆ ನಿಂತು ಆ ಕೈಯನ್ನು ಬಿಲ್ಲೆಗೆ ಒತ್ತಿ ಹಿಡಿದವಳು ಬೆಟ್ಟಿ. ತೆಗೆದಾಗ ಅವಳ ಹೆಬ್ಬೆರಳಿನ ಗುರುತೂ ಅಂಚಿನಲ್ಲಿ ಮೂಡಿತ್ತು. ಫೈಸಲ್ ಅದನ್ನು ನೋಡಿ ನಕ್ಕಿದ್ದ. ಅವನು ತೀರಿಕೊಂಡು ಈಗ ಎರಡು ವರ್ಷ. ಮೇಡಂಗೆ ಅವನ ಫೋಟೊ ನೋಡಲಾಗಲಿಲ್ಲ, ಮನೆಯಲ್ಲಿ ಒಂದನ್ನೂ ಉಳಿಸಲಿಲ್ಲ, ಬೆಟ್ಟಿಯ ಮೊಬೈಲಿನಲ್ಲಿದ್ದವನ್ನೂ ಅಳಿಸಿದರು. ಡೆಲ್ಮಾ ಹ್ಯೂಸ್ಟನ್‌ಗೆ ಹೋದರೆ ಆ ಬಿಲ್ಲೆಯ ಒಂದು ಫೋಟೊ ತೆಗೆದು ಕಳಿಸಬೇಕು. ಬೆಟ್ಟಿಗೆ ಬೇಕಿದ್ದದ್ದು ಅಷ್ಟೇ.

ಡೆಲ್ಮಾಳ ಎರಡು ವರ್ಷದ ಮಗಳು ಓಡಿ ಬಂದು ಬೆಟ್ಟಿಯ ಮಡಿಲು ಹತ್ತಿದಳು. ಬಾಯಿಯಿಂದ ತೆಗೆದ ಅಂಟು ಕೈಯಿಂದ ಅವಳ ಮಣಿಕಟ್ಟನ್ನು ಹಿಡಿದಳು.

"ಕ್ಲೀವ್‌ಲ್ಯಾಂಡ್‌ನಲ್ಲಿ ಇವರ ಕಸಿನ್ ಲೊರೈನ್ ಇದ್ದಾಳೆ," ಡೆಲ್ಮಾ ಹೇಳಿದಳು. "ಆದ್ರೆ ಅಲ್ಲಿ ಹಿಮ, ಮಾರಾಯ್ರೆ. ನಂಗೆ ಮನಸ್ಸಿರುವುದು ಹ್ಯೂಸ್ಟನ್‌ಗೆ. ನೀವು ನೋಡಿದ ಊರು. ನೀವು ಒಳ್ಳೇದು ಅಂದ್ರೆ ಅದೇ ಫೈನಲ್. ಈ ಮಗುವನ್ನು ಕಟ್ಟಿಕೊಂಡು ಹೋಗ್ಬೇಕಲ್ಲ, ಅದಕ್ಕೇ ಕೇಳುವುದು."

ಒಳ್ಳೆಯ ಊರು ಎಂಬ ಎರಡು ಶಬ್ದ ಬೆಟ್ಟಿಯ ನಾಲಗೆಯ ಮೇಲೇ ಇದ್ದವು. ಅವಳು ಮಗುವಿನ ಕೈ ನೋಡಿದಳು.

"ನಂಗೆ ಆ ಊರು ಗೊತ್ತಿಲ್ಲ, ಡೆಲ್ಮಾ."

"ಎಂತ ಮಾವ್ಶಿ, ತಮಾಷೆಯಾ? ಏಳು ತಿಂಗಳು ಇದ್ರಲ್ಲ?"

"ಒಂದು ರೂಮು, ಒಂದು ಸೇತುವೆ, ಒಂದು ವಾರ್ಡು. ರಸ್ತೆಗೆ ಇಳಿದದ್ದು ಏರ್‌ಪೋರ್ಟಿಗೆ ಹೋಗುವಾಗ ಮಾತ್ರ. ಕಿಟಕಿಯಿಂದ ಒಂದು ಚರ್ಚಿನ ಶಿಲುಬೆ ಕಾಣ್ತಿತ್ತು. ಒಂದು ಪೂಜೆಗೂ ಹೋಗ್ಲಿಕ್ಕೆ ಆಗ್ಲಿಲ್ಲ. ಮಗು ಕಟ್ಟಿಕೊಂಡವಳಿಗೆ ನಾನು ಎಂತ ಹೇಳುವುದು? ಗೊತ್ತಿರುವವರನ್ನು ಕೇಳು."

ಆಲ್ರೊಯ್ ತಟ್ಟೆ ತಳ್ಳಿ ಎದ್ದ. "ಹಾಗಾದ್ರೆ ಖಲಾಸ್. ಲೊರೈನ್ ಇದ್ದಾಳೆ, ಹಿಮ ಬಿದ್ರೆ ಬೀಳ್ಲಿ. ಗುರುತಿನವರಿಲ್ಲದ ಊರಲ್ಲಿ ಈ ಪುಟ್ಟಿಯನ್ನು ಹಿಡ್ಕೊಂಡು ಎಲ್ಲಿ ಅಲೆಯುವುದು?"

ಡೆಲ್ಮಾ ತಲೆಯಾಡಿಸಿದಳು. ಬೀಳ್ಕೊಡಲು ಬಾಗಿಲವರೆಗೆ ಬಂದವಳಿಗೆ ನೆನಪಾಯಿತು. "ಫೋನಿನಲ್ಲಿ ನಿಮಗೂ ಎಂತದೋ ಕೇಳ್ಲಿಕ್ಕುಂಟು ಅಂದಿದ್ರಿ, ಮಾವ್ಶಿ?"

"ಎಂತ ಇಲ್ಲ. ಖರ್ಜೂರ ತಂದಿದ್ದೆ. ಮೇಜಿನ ಮೇಲೆ ಉಂಟು."

"ಹ್ಯೂಸ್ಟನ್‌ಗೆ ಹೋಗುವವರು ಬೇರೆ ಯಾರಾದ್ರೂ ಸಿಕ್ಕಿದ್ರೆ ನಿಮ್ಮ ಹತ್ರ ಕಳಿಸ್ತೇನೆ."

"ಕಳಿಸಿ ಎಂತ ಮಾಡುವುದು? ಸ್ವೆಟರ್ ಹಾಕಿ ಅಂತ ಹೇಳ್ಲಿಕ್ಕಾ?" ಒಳಗಿನಿಂದ ಆಲ್ರೊಯ್ ಕೂಗಿದ. ಡೆಲ್ಮಾ ಗದರಿದಳು, ಆದರೆ ಅವಳಿಗೂ ನಗು ತಡೆಯಲಾಗಲಿಲ್ಲ. ಬೆಟ್ಟಿಯೂ ನಕ್ಕಳು.

ಕೆಳಗೆ ಡ್ರೈವರ್ ಅಬ್ದುಲ್ ನಾಸಿರ್ ಕಾರು ಚಾಲೂ ಇಟ್ಟು ಕಾಯುತ್ತಿದ್ದ. ಹಿಂದಿನ ಸೀಟಿಗೆ ಮೇಡಂನ ಹೊಸ ಮಗುವಿನ ಪುಟ್ಟ ಕುರ್ಚಿ ಬಿಗಿದಿತ್ತು. ಬೆಟ್ಟಿ ಅದರ ಪಕ್ಕ ಕುಳಿತಳು.

"ಫೋಟೊದ ವಿಷಯ ಹೇಳಿದ್ರಾ, ಬೆಟ್ಟಿಯಕ್ಕ?"

"ಅವರು ಬೇರೆ ಊರಿಗೆ ಹೋಗ್ತಾರೆ, ನಾಸಿರ್."

ಭಾನುವಾರ ಬೆಳಿಗ್ಗೆ ಡೆಲ್ಮಾ ಏಜೆನ್ಸಿಗೆ ಕ್ಲೀವ್‌ಲ್ಯಾಂಡ್ ಎಂದು ತಿಳಿಸಿದಳು.